ಸ್ಟಾಪ್ ಮೇಕಿಂಗ್ ಸೆನ್ಸ್

ಸ್ಟಾಪ್ ಮೇಕಿಂಗ್ ಸೆನ್ಸ್: ಅಮೆರಿಕದ ನ್ಯೂ ವೇವ್ ಬ್ಯಾಂಡ್ ಟಾಕಿಂಗ್ ಹೆಡ್ಸ್ 1983ರ ಡಿಸೆಂಬರಿನಲ್ಲಿ ಹಾಲಿವುಡ್‌ನ ಪ್ಯಾಂಟೇಜಸ್ ರಂಗಮಂದಿರದಲ್ಲಿ ಕೊಟ್ಟ ಕಾರ್ಯಕ್ರಮಗಳನ್ನು ಜೊನಾಥನ್ ಡೆಮಿ ಚಿತ್ರೀಕರಿಸಿ 1984ರಲ್ಲಿ ತೆರೆಗೆ ತಂದ ಕಾನ್ಸರ್ಟ್ ಚಿತ್ರ. ಅವಧಿ 88 ನಿಮಿಷ, ಹಾಡುಗಳು 16. ಚಿತ್ರಮಂದಿರಗಳ ಓಟ ಮುಗಿದ ಮೇಲೆ ವಿಎಚ್‌ಎಸ್ ಕ್ಯಾಸೆಟ್, ಲೇಸರ್ ಡಿಸ್ಕ್, ಡಿವಿಡಿ, ಬ್ಲೂ-ರೇ ರೂಪಗಳಲ್ಲಿ ಇದು ಮನೆಗಳನ್ನು ಸೇರಿತು. ನೋಡುಗರ ಹಲವು ತಲೆಮಾರುಗಳಿಗೆ ಪರಿಚಯವಾದದ್ದು ಹಾಗೆಯೇ. ಕಾನ್ಸರ್ಟ್ ಚಿತ್ರವೆಂದರೆ ಸಾಮಾನ್ಯವಾಗಿ ನಡೆದುಹೋದ ಕಾರ್ಯಕ್ರಮದ ನೆನಪಿನ ಪ್ರತಿ. ಈ ಚಿತ್ರವನ್ನು ಆ ಗುಂಪಿನಿಂದ ಬೇರೆಯಾಗಿಡುವುದು ಅದರ ಕಟ್ಟಡಕ್ರಮ. ಬರಿಯ ವೇದಿಕೆಯ ಮೇಲೆ ಒಂದೊಂದಾಗಿ ಜನ, ವಾದ್ಯ, ಬೆಳಕು ಸೇರುತ್ತ ಸಂಗೀತ ಹೇಗೆ ಕಟ್ಟಲ್ಪಡುತ್ತದೆ ಎಂಬುದೇ ಇಲ್ಲಿ ಕಥಾವಸ್ತು. ಕ್ಯಾಮೆರಾ, ಸಂಕಲನ, ಧ್ವನಿ ಎಲ್ಲವೂ ಅದಕ್ಕೆ ತಲೆಬಾಗಿವೆ. ಚಿತ್ರದ ದೀರ್ಘಾಯುಷ್ಯಕ್ಕೂ ಅದರ ಮೇಲಿನ ಆಕ್ಷೇಪಗಳಿಗೂ ಬೇರು ಇದೇ ಕ್ರಮದಲ್ಲಿದೆ.

ಕನ್ನಡದಲ್ಲಿ 'ಸಂಸ್ಕಾರ'ದಿಂದ (1970) ಮೊದಲಾದ ಚಲನಚಿತ್ರಗಳನ್ನು ಹೊಸ ಅಲೆಯ ಚಿತ್ರಗಳೆಂದು ಕರೆಯುವ ರೂಢಿ ಇರುವುದರಿಂದ, ಈ ಲೇಖನದಲ್ಲಿ ಸಂಗೀತದ ಪಂಥಕ್ಕೆ ನ್ಯೂ ವೇವ್ ಎಂಬ ರೂಪವನ್ನೇ ಉಳಿಸಿಕೊಂಡಿದೆ. 1970ರ ದಶಕದ ಕೊನೆಯಲ್ಲಿ ಪಂಕ್ ರಾಕ್‌ನ ಬೆನ್ನಿಗೇ ಬಂದ, ಅದರ ಬಿರುಸನ್ನು ಇಟ್ಟುಕೊಂಡು ಸಿಂಥಸೈಜರ್, ಫಂಕ್, ಡಿಸ್ಕೊ, ಕಲಾಶಾಲೆಯ ವ್ಯಂಗ್ಯ ಇವನ್ನೆಲ್ಲ ಒಳಗೆ ಬಿಟ್ಟುಕೊಂಡ ಸಂಗೀತಕ್ಕೆ ಆ ಹೆಸರು.

ಹಿನ್ನೆಲೆ

ಡೇವಿಡ್ ಬರ್ನ್, ಟೀನಾ ವೇಮತ್ ಮತ್ತು ಕ್ರಿಸ್ ಫ್ರಾಂಟ್ಸ್ ರೋಡ್ ಐಲೆಂಡ್ ವಿನ್ಯಾಸ ಶಾಲೆಯಲ್ಲಿ ಓದಿದವರು. ನ್ಯೂಯಾರ್ಕಿಗೆ ಬಂದು 1975ರಲ್ಲಿ ಟಾಕಿಂಗ್ ಹೆಡ್ಸ್ ಕಟ್ಟಿದರು. ಅದೇ ವರ್ಷ ಸಿಬಿಜಿಬಿ ಎಂಬ ಚಿಕ್ಕ ಕ್ಲಬ್ಬಿನಲ್ಲಿ ರಮೋನ್ಸ್ ತಂಡಕ್ಕೆ ಮೊದಲು ನುಡಿಸಿ ರಂಗಕ್ಕೆ ಬಂದರು. ಬರ್ನ್ ಹಾಡುಗಾರಿಕೆ ಮತ್ತು ಗಿಟಾರ್, ವೇಮತ್ ಬೇಸ್ ಗಿಟಾರ್, ಫ್ರಾಂಟ್ಸ್ ಡ್ರಮ್ಸ್. ಮಾಡರ್ನ್ ಲವರ್ಸ್ ತಂಡದಲ್ಲಿದ್ದ ಜೆರಿ ಹ್ಯಾರಿಸನ್ 1977ರಲ್ಲಿ ಕೀಬೋರ್ಡ್ ಮತ್ತು ಗಿಟಾರಿಗೆ ಬಂದು ಸೇರಿದ ಮೇಲೆ ತಂಡ ಪೂರ್ಣವಾಯಿತು. ಮೊದಲ ಆಲ್ಬಂ ಅದೇ ವರ್ಷದ್ದು. ಮುಂದಿನ ಮೂರು ಆಲ್ಬಂಗಳಲ್ಲಿ ನಿರ್ಮಾಪಕರಾಗಿ ಜೊತೆಗಿದ್ದವರು ಬ್ರಯನ್ ಈನೊ. ಆ ಪೈಕಿ ಕೊನೆಯದಾದ 'ರಿಮೇನ್ ಇನ್ ಲೈಟ್' (1980) ತಂಡದ ದಾರಿಯನ್ನೇ ತಿರುಗಿಸಿತು. ಪಶ್ಚಿಮ ಆಫ್ರಿಕದ ಲಯಗಳಿಂದಲೂ ಫಂಕ್‌ನಿಂದಲೂ ಕಲಿತು, ಒಂದೇ ಸ್ವರಾಧಾರದ ಮೇಲೆ ಚಿಕ್ಕ ಚಿಕ್ಕ ಲಯಖಂಡಗಳನ್ನು ಒಂದರ ಮೇಲೊಂದು ಹೇರುತ್ತ ಹೋಗುವ ರಚನಾಕ್ರಮ ಅದರದು. ಸ್ಟುಡಿಯೋದಲ್ಲಿ ಪದರ ಪದರವಾಗಿ ಮುದ್ರಿಸಿದ ಇಂಥ ಸಂಗೀತವನ್ನು ವೇದಿಕೆಯ ಮೇಲೆ ನಾಲ್ವರೇ ನುಡಿಸಲಾರರು. ಅದಕ್ಕಾಗಿ 1980ರಿಂದ ತಂಡ ಪ್ರವಾಸಕ್ಕೆ ಹೆಚ್ಚುವರಿ ವಾದಕರನ್ನು ಕರೆದುಕೊಂಡು ಹೊರಟಿತು.

1983ರಲ್ಲಿ ಬಂದ 'ಸ್ಪೀಕಿಂಗ್ ಇನ್ ಟಂಗ್ಸ್' ಆಲ್ಬಂನ 'ಬರ್ನಿಂಗ್ ಡೌನ್ ದ ಹೌಸ್' ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 9ನೆಯ ಸ್ಥಾನಕ್ಕೆ ಏರಿತು. ಮೊದಲ ಹತ್ತರೊಳಗೆ ಹೋದ ಈ ತಂಡದ ಹಾಡು ಅದೊಂದೇ. ಆ ಆಲ್ಬಂನ ಪ್ರವಾಸಕ್ಕೆ ನಾಲ್ವರ ಜೊತೆ ಇನ್ನೂ ಐವರು ಸೇರಿದರು: ಪಾರ್ಲಿಮೆಂಟ್-ಫಂಕಡೆಲಿಕ್ ಬಳಗದ ಕೀಬೋರ್ಡ್ ವಾದಕ ಬರ್ನಿ ವೊರೆಲ್, ಗಿಟಾರಿಗೆ ಅಲೆಕ್ಸ್ ವಿಯರ್, ತಾಳವಾದ್ಯಗಳಿಗೆ ಸ್ಟೀವ್ ಸ್ಕೇಲ್ಸ್, ಸಹಗಾಯನಕ್ಕೆ ಲಿನ್ ಮೇಬ್ರಿ ಮತ್ತು ಎಡ್ನಾ ಹೋಲ್ಟ್. 'ಮೆಲ್ವಿನ್ ಅಂಡ್ ಹೊವರ್ಡ್' (1980) ಚಿತ್ರದಿಂದ ಹೆಸರಾಗಿದ್ದ ಡೆಮಿ ಈ ಪ್ರವಾಸದ ಕಾರ್ಯಕ್ರಮ ನೋಡಿ ಚಿತ್ರ ಮಾಡುವ ಪ್ರಸ್ತಾಪವಿಟ್ಟರು. ವೆಚ್ಚ ಸುಮಾರು 12 ಲಕ್ಷ ಡಾಲರ್. ಆ ಹಣವನ್ನು ಹೊಂದಿಸಿದ್ದು ತಂಡವೇ. ಹೀಗಾಗಿ ಏನನ್ನು ತೋರಿಸಬೇಕು, ಏನನ್ನು ಬಿಡಬೇಕು ಎಂಬ ತೀರ್ಮಾನ ಕಲಾವಿದರ ಮತ್ತು ನಿರ್ದೇಶಕರ ಕೈಯಲ್ಲೇ ಉಳಿಯಿತು. ಚಿತ್ರದ ಹೆಸರು 'ಗರ್ಲ್‌ಫ್ರೆಂಡ್ ಈಸ್ ಬೆಟರ್' ಹಾಡಿನೊಳಗಿಂದ ಬಂದದ್ದು.

ವೇದಿಕೆಯ ರಚನೆ

ಮೊದಲಿಗೆ ಕಾಣುವುದು ವೇದಿಕೆಯ ನೆಲ, ಅದರ ಮೇಲೆ ಬಿದ್ದ ನೆರಳು, ನಡೆದು ಬರುತ್ತಿರುವ ಒಂದು ಜೊತೆ ಬಿಳಿ ಬೂಟು. ಬೂಟು ಮೈಕಿನ ಬಳಿ ನಿಲ್ಲುತ್ತದೆ. ಪಕ್ಕದಲ್ಲಿ ಒಂದು ಟೇಪ್ ರೆಕಾರ್ಡರ್ ಕೂರುತ್ತದೆ. ಒಂದು ಟೇಪ್ ಕೇಳಿಸುತ್ತೇನೆ ಎಂದಷ್ಟೇ ಹೇಳಿ ಬರ್ನ್ ಒಬ್ಬರೇ ಅಕೂಸ್ಟಿಕ್ ಗಿಟಾರ್ ಹಿಡಿದು 'ಸೈಕೊ ಕಿಲ್ಲರ್' ಹಾಡುತ್ತಾರೆ. ಹಿಂದೆ ಪರದೆಯಿಲ್ಲ, ಅಲಂಕಾರವಿಲ್ಲ. ರಂಗಮಂದಿರದ ಬತ್ತಲೆ ಹಿಂಗೋಡೆ, ಏಣಿ, ಸಾಮಾನು ಸರಂಜಾಮು ಎಲ್ಲ ಹಾಗೆಯೇ ಕಣ್ಣಿಗೆ ಬೀಳುತ್ತವೆ. ಹಾಡಿನ ಕೊನೆಗೆ ಯಂತ್ರದ ತಾಳ ಗುಂಡಿನ ಸುರಿಮಳೆಯಂತೆ ಸಿಡಿಯುತ್ತದೆ. ಪ್ರತಿ ಸಿಡಿತಕ್ಕೂ ಬರ್ನ್ ಮುಗ್ಗರಿಸಿ ತೂರಾಡುತ್ತಾರೆ. ಎರಡನೆಯ ಹಾಡು 'ಹೆವನ್'ಗೆ ವೇಮತ್ ಬರುತ್ತಾರೆ. ಮೂರನೆಯದಕ್ಕೆ ಕಪ್ಪು ಉಡುಪಿನ ರಂಗಸಹಾಯಕರು ಗಾಲಿಯ ಅಟ್ಟಣೆಯ ಮೇಲೆ ಡ್ರಮ್ಸ್ ತಳ್ಳಿಕೊಂಡು ಬರುತ್ತಾರೆ, ಫ್ರಾಂಟ್ಸ್ ಹತ್ತಿ ಕೂರುತ್ತಾರೆ. ನಾಲ್ಕನೆಯದಾದ 'ಫೌಂಡ್ ಎ ಜಾಬ್'ಗೆ ಹ್ಯಾರಿಸನ್ ಬಂದು ಮೂಲ ತಂಡ ಪೂರ್ಣವಾಗುತ್ತದೆ. 'ಸ್ಲಿಪರಿ ಪೀಪಲ್'ಗೆ ಸ್ಕೇಲ್ಸ್ ಮತ್ತು ಇಬ್ಬರು ಗಾಯಕಿಯರು, 'ಬರ್ನಿಂಗ್ ಡೌನ್ ದ ಹೌಸ್'ಗೆ ವೊರೆಲ್ ಮತ್ತು ವಿಯರ್. ಆರನೆಯ ಹಾಡಿನ ಹೊತ್ತಿಗೆ ಒಂಬತ್ತು ಮಂದಿಯೂ ವೇದಿಕೆಯ ಮೇಲಿದ್ದಾರೆ, ನೋಡುಗರಿಗೆ ಯಾವ ಸದ್ದು ಯಾರದು ಎಂದು ಗೊತ್ತಾಗಿದೆ.

ಮಾಧ್ಯಮದ ಪಾಠವಾಗಿ ನೋಡಿದರೆ ಇದರ ಜಾಣತನ ಇಲ್ಲಿದೆ. 'ರಿಮೇನ್ ಇನ್ ಲೈಟ್' ಮುದ್ರಣದಲ್ಲಿ ಪದರಗಳೆಲ್ಲ ಒಟ್ಟಿಗೇ ಕಿವಿಗೆ ಬಡಿಯುತ್ತವೆ, ಬಿಡಿಸಿ ಕೇಳುವುದು ಕಷ್ಟ. ವೇದಿಕೆ ಅದೇ ಪದರಗಳನ್ನು ಕಣ್ಣಿಗೆ ಬಿಡಿಸಿ ಕೊಡುತ್ತದೆ. ತಂಡದ ಚರಿತ್ರೆಯೂ, ಒಬ್ಬರಿಂದ ನಾಲ್ವರು, ನಾಲ್ವರಿಂದ ಒಂಬತ್ತು ಮಂದಿ ಎಂದು, ಇಪ್ಪತ್ತೇ ನಿಮಿಷಗಳ ಆಸುಪಾಸಿನಲ್ಲಿ ಮರುಕಳಿಸುತ್ತದೆ. ಮಾತಿನ ವಿವರಣೆ ಒಂದೂ ಇಲ್ಲ. ಮಾರ್ಟಿನ್ ಸ್ಕಾರ್ಸೆಸಿಯ 'ದ ಲಾಸ್ಟ್ ವಾಲ್ಟ್ಸ್' (1978) ಹಾಡುಗಳ ನಡುವೆ ಸಂದರ್ಶನಗಳನ್ನು ಹೊಲಿದು ತನ್ನ ತಂಡದ ಚರಿತ್ರೆ ಹೇಳಿತು. 'ವುಡ್‌ಸ್ಟಾಕ್' (1970) ಪರದೆಯನ್ನು ತುಂಡು ಮಾಡಿ ಸಂಗೀತಗಾರರಷ್ಟೇ ಮುಖ್ಯವಾಗಿ ನೆರೆದ ಜನರನ್ನು ತೋರಿಸಿತು. ಅವೆರಡೂ ದೊಡ್ಡ ಚಿತ್ರಗಳೇ. ಆದರೆ ಅವು ಹೊರಗಿನಿಂದ ತಂದ ಸಾಮಗ್ರಿಯ ಕೆಲಸವನ್ನು ಇಲ್ಲಿ ವೇದಿಕೆಯೇ ಮಾಡಿ ಮುಗಿಸಿದೆ.

ತಂಡ ಪೂರ್ಣವಾದ ಮೇಲೆ ಬೆಳಕು ಮುಂದಾಳಾಗುತ್ತದೆ. ರಂಗಕಲ್ಪನೆ ಬರ್ನ್ ಅವರದು, ಬೆಳಕಿನ ವಿನ್ಯಾಸ ಬೆವರ್ಲಿ ಎಮನ್ಸ್ ಅವರದು. ಬಣ್ಣ ಬಣ್ಣದ ದೀಪಗಳ ಕುಣಿತ ರಾಕ್ ವೇದಿಕೆಯ ರೂಢಿಯಾಗಿದ್ದ ಕಾಲದಲ್ಲಿ ಇಲ್ಲಿ ಬಹುಪಾಲು ಬಿಳಿ ಬೆಳಕೇ. ಕಲಾವಿದರ ಬಟ್ಟೆಯೂ ಬೂದು ಛಾಯೆಯ ಸಾದಾ ಬಟ್ಟೆ. ಹಿಂದಿನ ಪರದೆಗಳ ಮೇಲೆ ಸ್ಲೈಡುಗಳಲ್ಲಿ ಬಿಡಿ ಪದಗಳೂ ಚಿತ್ರಗಳೂ ಮೂಡುತ್ತವೆ. 'ವಾಟ್ ಎ ಡೇ ದಟ್ ವಾಸ್' ಹಾಡಿಗೆ ದೀಪವನ್ನು ಕೆಳಗಿನಿಂದ ಹಾಯಿಸಿದ್ದರಿಂದ ಮುಖಗಳು ಮುಖವಾಡಗಳಾಗುತ್ತವೆ, ಹಿಂದೆ ಆಳೆತ್ತರ ಮೀರಿದ ನೆರಳು ಏಳುತ್ತದೆ. 'ದಿಸ್ ಮಸ್ಟ್ ಬಿ ದ ಪ್ಲೇಸ್' ಹಾಡಿಗೆ ಮನೆಯ ನಡುಕೋಣೆಯಲ್ಲಿಡುವಂಥ ನಿಲುವು ದೀಪ ಸಾಕು. ಬರ್ನ್ ಅದನ್ನು ಬಾಗಿಸಿ ಬೀಳಗೊಡದೆ ಹಿಡಿದು ಅದರ ಜೊತೆ ಕುಣಿಯುತ್ತಾರೆ.

ಎಲ್ಲರ ನೆನಪಿನಲ್ಲಿ ಉಳಿದಿರುವುದು 'ಗರ್ಲ್‌ಫ್ರೆಂಡ್ ಈಸ್ ಬೆಟರ್'ಗೆ ಬರ್ನ್ ತೊಟ್ಟು ಬರುವ ಭಾರೀ ಅಳತೆಯ ಬೂದು ಸೂಟು. ಜಪಾನಿನ ನೊಹ್ ರಂಗಭೂಮಿಯ ಅಗಲ ಪೋಷಾಕುಗಳಿಂದ ಹೊಳೆದ ಇದನ್ನು ಗೇಲ್ ಬ್ಲ್ಯಾಕರ್ ರೂಪಿಸಿದರು. ದೇಹವನ್ನು ಹಿಗ್ಗಿಸಿ ತಲೆಯನ್ನು ಚಿಕ್ಕದು ಮಾಡಿ ತೋರಿಸುವುದು ಉದ್ದೇಶ. ಇದನ್ನು ಬರಿಯ ಚಮತ್ಕಾರವೆಂದು ಬದಿಗಿಡುವುದುಂಟು. ಆದರೆ ಅದು ಬರುವ ಜಾಗ ಗಮನಿಸಬೇಕು. ವೇದಿಕೆಗೆ ಸೇರಿಸಲು ಇನ್ನು ಜನರಿಲ್ಲ, ವಾದ್ಯಗಳಿಲ್ಲ. ಹಿಗ್ಗಲು ಉಳಿದಿರುವುದು ಗಾಯಕನ ಆಕಾರವೊಂದೇ. ಸೂಟು ತೊಡಲು ಬೇಕಾದ ಬಿಡುವನ್ನು ತುಂಬುವುದು ಹಿಂದಿನ ಹಾಡು 'ಜೀನಿಯಸ್ ಆಫ್ ಲವ್'. ಅದು ವೇಮತ್ ಮತ್ತು ಫ್ರಾಂಟ್ಸ್ ದಂಪತಿಯ ಪ್ರತ್ಯೇಕ ತಂಡವಾದ ಟಾಮ್ ಟಾಮ್ ಕ್ಲಬ್‌ನದು.

ಚಿತ್ರೀಕರಣ, ಸಂಕಲನ ಮತ್ತು ಧ್ವನಿ

ಛಾಯಾಗ್ರಾಹಕ ಜೋರ್ಡನ್ ಕ್ರೋನನ್‌ವೆತ್. 'ಬ್ಲೇಡ್ ರನ್ನರ್' (1982) ಚಿತ್ರದ ಕತ್ತಲು ಬೆಳಕು ಅವರದೇ. ಸಂಕಲನ ಲಿಸಾ ಡೇ, ನಿರ್ಮಾಪಕ ಗ್ಯಾರಿ ಗೊಟ್ಸ್‌ಮನ್, ಶೀರ್ಷಿಕೆಯ ಕೈಬರಹ ಪಾಬ್ಲೊ ಫೆರೊ. 35 ಮಿ.ಮೀ. ಫಿಲ್ಮಿನಲ್ಲಿ ಹಲವು ರಾತ್ರಿ ಚಿತ್ರೀಕರಣ ನಡೆಯಿತು. 1981ರ ಆಗಸ್ಟಿನಲ್ಲಿ ಎಂಟಿವಿ ಶುರುವಾದಂದಿನಿಂದ ಸಂಗೀತವನ್ನು ಚಿತ್ರಿಸುವುದೆಂದರೆ ಕ್ಷಣಕ್ಕೊಂದು ಕಟ್ ಎಂಬಂತಾಗಿತ್ತು. ಡೆಮಿ ಹಿಡಿದದ್ದು ಅದರ ಎದುರು ದಾರಿ. ಶಾಟ್‌ಗಳು ಉದ್ದ. ಒಬ್ಬ ವಾದಕರು ಇನ್ನೊಬ್ಬರತ್ತ ನೋಡಿ ನಗುವುದು, ಸನ್ನೆ ಮಾಡುವುದು ಇಂಥವನ್ನು ಕ್ಯಾಮೆರಾ ಕಾದು ಹಿಡಿಯುತ್ತದೆ. 'ಒನ್ಸ್ ಇನ್ ಎ ಲೈಫ್‌ಟೈಮ್' ಹಾಡಿನ ಬಹುಭಾಗ ಕನ್ನಡಕ ತೊಟ್ಟ ಬರ್ನ್ ಅವರ ಮೇಲೆ ನಿಂತ ಒಂದೇ ಶಾಟ್. ಅದೇ ಹಾಡಿಗೆ 1981ರಲ್ಲಿ ನೃತ್ಯ ಸಂಯೋಜಕಿ ಟೋನಿ ಬೇಸಿಲ್ ಜೊತೆ ಮಾಡಿದ್ದ ವಿಡಿಯೋ ಒಬ್ಬ ಬರ್ನ್‌ರನ್ನು ಹಲವರನ್ನಾಗಿಸಿ ತಾಂತ್ರಿಕ ಆಟವಾಡಿತ್ತು. ಇಲ್ಲಿ ಅದೇ ನಡುಕ, ಅದೇ ಹಣೆಗೆ ಬಡಿದುಕೊಳ್ಳುವ ಅಭಿನಯ, ಕಟ್‌ಗಳ ಆಸರೆಯಿಲ್ಲದೆ ನಿಂತಿದೆ.

ಪ್ರೇಕ್ಷಕರು ಕಾಣಿಸದಿರುವುದು ಈ ಚಿತ್ರದ ಇನ್ನೊಂದು ಕಟ್ಟುಪಾಡು. ಕೊನೆಯ ಹಾಡು 'ಕ್ರಾಸ್‌ಐಡ್ ಅಂಡ್ ಪೇನ್‌ಲೆಸ್' ತನಕ ಸಭಾಂಗಣದ ಮುಖಗಳು ಹೆಚ್ಚುಕಡಿಮೆ ತೆರೆಗೆ ಬರುವುದೇ ಇಲ್ಲ. ಚಿತ್ರೀಕರಣಕ್ಕೆಂದು ಸಭಿಕರ ಮೇಲೆ ದೀಪ ಹಾಯಿಸಿ ನೋಡಿದಾಗ ಅವರು ಬಿಗಿದುಕೊಂಡರು, ಅದು ವೇದಿಕೆಯ ಉತ್ಸಾಹವನ್ನೂ ಇಳಿಸಿತು. ಆ ಯೋಚನೆಯನ್ನು ಕೈಬಿಡಲಾಯಿತು. ಇದೊಂದು ಅನಿವಾರ್ಯದ ತೀರ್ಮಾನವೆನಿಸಿದರೂ ಪರಿಣಾಮ ದೊಡ್ಡದು. ಕುಣಿಯುವ ಸಭಿಕರನ್ನು ತೋರಿಸಿದರೆ ನೋಡುಗರಿಗೆ ಹೇಗೆ ಸ್ಪಂದಿಸಬೇಕೆಂದು ಹೇಳಿಕೊಟ್ಟಂತಾಗುತ್ತದೆ. ತೋರಿಸದಿದ್ದರೆ ಪರದೆಯ ಮುಂದೆ ಕೂತವರೇ ಸಭಿಕರು. ಕ್ಯಾಸೆಟ್ ಹಾಕಿ ಮನೆಯಲ್ಲಿ ನೋಡುವವರಿಗೆ ಇದು ಇನ್ನಷ್ಟು ಅನ್ವಯಿಸುತ್ತದೆ.

ಧ್ವನಿಯ ಮಟ್ಟಿಗೆ ಈ ಚಿತ್ರವನ್ನು ಡಿಜಿಟಲ್ ಧ್ವನಿಮುದ್ರಣ ಬಳಸಿದ ಮೊದಲ ಕಾನ್ಸರ್ಟ್ ಚಿತ್ರಗಳ ಸಾಲಿನಲ್ಲಿ ಎಣಿಸುತ್ತಾರೆ. ಟೇಪಿನ ಸುಯ್ಲು ಇಲ್ಲದ 24 ಟ್ರ್ಯಾಕ್‌ಗಳ ಮುದ್ರಣ ಇದ್ದುದರಿಂದಲೇ ಒಂಬತ್ತು ಮಂದಿಯ ಪದರಗಳು ಮುದ್ದೆಯಾಗದೆ ಬಿಡಿಬಿಡಿಯಾಗಿ ಕೇಳುತ್ತವೆ, ಮುಂದೆ ಮತ್ತೆ ಮತ್ತೆ ಹೊಸದಾಗಿ ಮಿಶ್ರಣ ಮಾಡಲೂ ಸಾಧ್ಯವಾಯಿತು.

ಆಕ್ಷೇಪಗಳು

ಮೊದಲನೆಯ ಆಕ್ಷೇಪ ಪ್ರಾಮಾಣಿಕತೆಯದು. ಹಲವು ರಾತ್ರಿಗಳನ್ನು ಒಂದೇ ರಾತ್ರಿಯಂತೆ ಹೊಲಿದಿರುವಾಗ ಇದು ನೇರ ಕಾರ್ಯಕ್ರಮದ ದಾಖಲೆ ಹೇಗಾದೀತು? ಸಾಕ್ಷ್ಯ ಈ ಆಕ್ಷೇಪದ ಪರವಾಗಿಯೇ ಇದೆ. 'ಸೈಕೊ ಕಿಲ್ಲರ್'ನಲ್ಲಿ ಕೇಳುವ ತಾಳ ಕಾಲಬಳಿಯ ಟೇಪ್ ರೆಕಾರ್ಡರಿನದಲ್ಲ, ಧ್ವನಿ ಮಿಶ್ರಣದ ಮೇಜಿನ ಮೂಲಕ ಬಂದ ಡ್ರಮ್ ಯಂತ್ರದ್ದು. 'ಹೆವನ್'ನಲ್ಲಿ ವೇದಿಕೆಯ ಮೇಲೆ ಇಬ್ಬರೇ ಇದ್ದರೂ ಮೂರನೆಯ ಕಂಠ ಕೇಳುತ್ತದೆ. ಅದು ಮರೆಯಲ್ಲಿ ನಿಂತು ಹಾಡಿದ ಮೇಬ್ರಿಯದು. ಅಂದರೆ ಒಬ್ಬೊಬ್ಬರಾಗಿ ಸೇರುವ ಕ್ರಮ ಕೂಡ ಅಕ್ಷರಶಃ ನಿಜವಲ್ಲ, ರಂಗಭೂಮಿಯ ಕಟ್ಟುಕಥೆ. ಆದರೆ ಚಿತ್ರ ಅದನ್ನು ಬಚ್ಚಿಡುವುದಿಲ್ಲ. ರಂಗಸಹಾಯಕರು ಸಾಮಾನು ತಳ್ಳುವುದನ್ನೂ ಏಣಿಯನ್ನೂ ಕಣ್ಣೆದುರಿಗಿಟ್ಟ ಮೇಲೆ, ಇದು ಯೋಜಿಸಿ ಆಡಿದ ಆಟ ಎಂಬುದನ್ನು ಮೊದಲ ಶಾಟ್‌ನಿಂದಲೇ ಒಪ್ಪಿಕೊಂಡಂತೆ. ಒಂದು ರಾತ್ರಿಯ ದಾಖಲೆ ಎಂಬ ಅಳತೆಗೋಲು ಇಲ್ಲಿ ಹೊಂದುವುದಿಲ್ಲ. ಪ್ರವಾಸದುದ್ದಕ್ಕೂ ಆಡಿದ ಒಂದು ರಂಗಪ್ರಯೋಗದ ದಾಖಲೆ ಎಂದರೆ ಹೊಂದುತ್ತದೆ.

ಎರಡನೆಯದು ಹೆಚ್ಚು ತೂಕದ್ದು. ಚಿತ್ರ ಬರ್ನ್ ಒಬ್ಬರನ್ನೇ ನಾಯಕನನ್ನಾಗಿಸಿ ಉಳಿದವರನ್ನು ಹಿಂದಕ್ಕೆ ತಳ್ಳುತ್ತದೆ ಎಂಬುದು. ಹಾಡುಗಳ ಕರ್ತೃತ್ವದ ಮನ್ನಣೆ ತಕ್ಕಂತೆ ಹಂಚಿಕೆಯಾಗಲಿಲ್ಲವೆಂದು ವೇಮತ್ ಮತ್ತು ಫ್ರಾಂಟ್ಸ್ ಬಹಿರಂಗವಾಗಿಯೇ ಹೇಳಿದ್ದಾರೆ. ಫ್ರಾಂಟ್ಸ್ ಅವರ ಆತ್ಮಕಥೆ 'ರಿಮೇನ್ ಇನ್ ಲವ್' (2020) ಈ ಅಸಮಾಧಾನದಿಂದ ತುಂಬಿದೆ. ಒಬ್ಬರಿಂದ ಶುರುವಾಗಿ ಉಳಿದವರು ಆತನ ಹಿಂದೆ ಬಂದು ಸೇರುವ ರಚನೆ, ತಂಡ ಒಬ್ಬನಿಂದಲೇ ಹುಟ್ಟಿತೇನೋ ಎಂಬ ತಪ್ಪು ಅರ್ಥ ಕೊಡುವುದು ನಿಜ. ಚರಿತ್ರೆಯಲ್ಲಿ ಹಾಗಾಗಿರಲಿಲ್ಲ. ಇದಕ್ಕೆ ಎದುರಾಗಿ ಚಿತ್ರದೊಳಗೇ ಇರುವ ಸಾಕ್ಷ್ಯವೆಂದರೆ ಹಾಡುಗಳ ನಡೆ. ಬರ್ನ್ ಒಬ್ಬರೇ ಇದ್ದಾಗ ಅವರ ದೇಹ ಸೆಟೆದುಕೊಂಡಿದೆ, ನೋಟ ಎಲ್ಲೋ ಇದೆ. ಜನ ತುಂಬಿದ ಹಾಗೆ ಅವರು ನಗುತ್ತಾರೆ, 'ಲೈಫ್ ಡ್ಯೂರಿಂಗ್ ವಾರ್‌ಟೈಮ್' ಹೊತ್ತಿಗೆ ವೇದಿಕೆಯ ಸುತ್ತ ಓಡುತ್ತಾರೆ. ಉಳಿದವರಿಲ್ಲದೆ ಆ ಬದಲಾವಣೆಯಿಲ್ಲ. ಈ ಉತ್ತರ ಕರ್ತೃತ್ವದ ದೂರನ್ನು ತೀರಿಸುವುದಿಲ್ಲ, ಚಿತ್ರದ ಮೇಲಿನ ದೂರನ್ನು ಮಾತ್ರ ಕಡಿಮೆ ಮಾಡುತ್ತದೆ.

ಮೂರನೆಯದು, ಕಲಾಶಾಲೆಯ ಬಿಳಿಯ ಯುವಕರು ಕರಿಯರ ಸಂಗೀತವನ್ನು ಎರವಲು ಪಡೆದು ಹೆಸರು ಮಾಡಿದರೆಂಬುದು. ಫಂಕ್, ಆಫ್ರಿಕದ ಬಹುಲಯ, ಅಲ್ ಗ್ರೀನ್‌ರ 'ಟೇಕ್ ಮಿ ಟು ದ ರಿವರ್', ಹೀಗೆ ಋಣದ ಪಟ್ಟಿ ಉದ್ದವೇ ಇದೆ. ಚಿತ್ರ ಆ ಋಣವನ್ನು ವೇದಿಕೆಯ ಮೇಲೆಯೇ ನಿಲ್ಲಿಸಿ ತೋರಿಸುತ್ತದೆ. ವೊರೆಲ್, ವಿಯರ್, ಸ್ಕೇಲ್ಸ್, ಮೇಬ್ರಿ, ಹೋಲ್ಟ್ ಕತ್ತಲಲ್ಲಿ ಕೂತ ಬಾಡಿಗೆ ವಾದಕರಲ್ಲ. ಕ್ಯಾಮೆರಾ ಅವರ ಮುಖಗಳ ಮೇಲೆ ನಿಲ್ಲುತ್ತದೆ, ಅಲ್ ಗ್ರೀನ್‌ರ ಹಾಡಿನ ನಡುವೆ ಬರ್ನ್ ಪ್ರತಿಯೊಬ್ಬರ ಹೆಸರು ಹೇಳಿ ಪರಿಚಯಿಸುತ್ತಾರೆ. ಆದರೂ ಪೋಸ್ಟರಿನಲ್ಲಿ ಉಳಿದದ್ದು ಆ ಸೂಟು ಮಾತ್ರ.

ಹೋಂ ವಿಡಿಯೋ ಆವೃತ್ತಿಗಳು

ನ್ಯೂ ವೇವ್ ಕಾಲದ ಕಾರ್ಯಕ್ರಮಗಳು ಮನೆಯ ಪರದೆಗೆ ಬಂದದ್ದು ಎರಡು ಬಗೆಯಲ್ಲಿ. ಒಂದು, ಟಿವಿ ಮತ್ತು ಕ್ಯಾಸೆಟ್ ಮಾರುಕಟ್ಟೆಯನ್ನೇ ನೆಚ್ಚಿ ಮಾಡಿದವು: ಗಾಡ್ಲಿ ಮತ್ತು ಕ್ರೀಮ್ ನಿರ್ದೇಶನದಲ್ಲಿ 1983ರ ನವೆಂಬರಿನಲ್ಲಿ ಅಟ್ಲಾಂಟಾದಲ್ಲಿ ಚಿತ್ರೀಕರಿಸಿದ ಪೊಲೀಸ್ ತಂಡದ 'ಸಿಂಕ್ರೊನಿಸಿಟಿ ಕಾನ್ಸರ್ಟ್' ಇಂಥದು. ಇನ್ನೊಂದು, ಚಿತ್ರಮಂದಿರಕ್ಕೆಂದು ಮಾಡಿ ಆಮೇಲೆ ಕ್ಯಾಸೆಟ್ಟಿಗೆ ಇಳಿದವು: ಪ್ರಸ್ತುತ ಚಿತ್ರವೂ, ಡೆಪೆಷ್ ಮೋಡ್ ತಂಡದ 1988ರ ಪ್ಯಾಸಡೀನಾ ಕಾರ್ಯಕ್ರಮವನ್ನು ಒಳಗೊಂಡ '101' ಚಿತ್ರವೂ ಈ ಬಗೆಯವು. ಮನೆಯಲ್ಲಿ ವಿಸಿಆರ್ ಇಟ್ಟುಕೊಂಡು ಟಿವಿ ಕಾರ್ಯಕ್ರಮ ಮುದ್ರಿಸಿಕೊಳ್ಳುವುದು ಹಕ್ಕುಸ್ವಾಮ್ಯದ ಉಲ್ಲಂಘನೆಯಲ್ಲವೆಂದು ಅಮೆರಿಕದ ಸುಪ್ರೀಂ ಕೋರ್ಟ್ 1984ರ ಜನವರಿಯಲ್ಲಿ ಬೀಟಾಮ್ಯಾಕ್ಸ್ ಪ್ರಕರಣದಲ್ಲಿ ತೀರ್ಪು ಕೊಟ್ಟಿತ್ತು. ಅದೇ ವರ್ಷದ ಏಪ್ರಿಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಚಿತ್ರೋತ್ಸವದಲ್ಲಿ ಮೊದಲ ಪ್ರದರ್ಶನ ಕಂಡು ಅಕ್ಟೋಬರಿನಲ್ಲಿ ಬಿಡುಗಡೆಯಾದ ಈ ಚಿತ್ರಕ್ಕೆ, ಹೊರಬೀಳುವ ಹೊತ್ತಿಗೆ ಮನೆಯ ಮಾರುಕಟ್ಟೆ ಸಿದ್ಧವಾಗಿತ್ತು.

ವಿಎಚ್‌ಎಸ್ ಮತ್ತು ಲೇಸರ್ ಡಿಸ್ಕ್ ಆವೃತ್ತಿಯಲ್ಲಿ ಚಿತ್ರಮಂದಿರದ ಪ್ರತಿಯಲ್ಲಿ ಇಲ್ಲದ 'ಸಿಟೀಸ್', 'ಬಿಗ್ ಬಿಸಿನೆಸ್' ಮತ್ತು 'ಐ ಝಿಂಬ್ರಾ' ಎಂಬ ಮೂರು ಹಾಡುಗಳು ಸೇರಿದವು. ಕೊನೆಯ ಎರಡು ಒಂದಕ್ಕೊಂದು ಬೆಸೆದುಕೊಂಡಿವೆ. ಚಿತ್ರಮಂದಿರದಲ್ಲಿ ನೋಡಿದವರಿಗಿಂತ ಮನೆಯಲ್ಲಿ ನೋಡಿದವರಿಗೆ ಹೆಚ್ಚು ಸಿಕ್ಕಿತು. ಲಾಭ ಇದರಲ್ಲಿ ಸ್ಪಷ್ಟ: ದಾದಾ ಕವಿ ಹ್ಯೂಗೊ ಬಾಲ್ ಅವರ ಅರ್ಥವಿಲ್ಲದ ಶಬ್ದಗಳ ಕವಿತೆಯ ಮೇಲೆ ಕಟ್ಟಿದ 'ಐ ಝಿಂಬ್ರಾ' ಇಲ್ಲದೆ ತಂಡದ ಆಫ್ರಿಕನ್ ತಿರುವು ಅರ್ಧವೇ ತಿಳಿಯುತ್ತದೆ. ನಷ್ಟವೂ ಇದೆ. 88 ನಿಮಿಷಗಳ ಪ್ರತಿಯಲ್ಲಿ ಏರುಗತಿ ಎಲ್ಲೂ ಸಡಿಲವಾಗದು. ಉದ್ದದ ಪ್ರತಿ ನಡುವೆ ಒಂದಿಷ್ಟು ಹರಡಿಕೊಳ್ಳುತ್ತದೆ. ಹೋಂ ವಿಡಿಯೋ ಈ ಕೃತಿಯ ನಕಲು ಎಂಬುದಕ್ಕಿಂತ ಅದರ ಇನ್ನೊಂದು ಪಾಠಾಂತರ ಎನ್ನುವುದು ಸರಿ.

ಬೇಕಾದ ಹಾಡಿಗೆ ಟೇಪ್ ಓಡಿಸಿ ನೋಡುವ ಅಭ್ಯಾಸ ಏರುಗತಿಯ ರಚನೆಯನ್ನೇ ಮುರಿಯುತ್ತದೆ, ಆದ್ದರಿಂದ ಕ್ಯಾಸೆಟ್ ಈ ಚಿತ್ರಕ್ಕೆ ಹೊಂದದ ಮಾಧ್ಯಮ ಎಂದು ವಾದಿಸಬಹುದು. ಟಿವಿಯ ಚಿಕ್ಕ, ಹೆಚ್ಚುಕಡಿಮೆ ಚೌಕದ ಪರದೆಯಲ್ಲಿ ಒಂಬತ್ತು ಮಂದಿಯ ವಿಶಾಲ ದೃಶ್ಯಗಳು ಇರುಕಾದದ್ದೂ ನಿಜ. ಆದರೆ ಮರಳಿ ನೋಡುವ ಅವಕಾಶ ಈ ಚಿತ್ರಕ್ಕೆ ಒದಗಿಬಂದಷ್ಟು ಬೇರೆ ಚಿತ್ರಕ್ಕೆ ಬಂದದ್ದು ಕಡಿಮೆ. ಉದ್ದ ಶಾಟ್‌ನೊಳಗೆ ಒಂದು ಸಲ ಬರ್ನ್‌ರನ್ನು ನೋಡಿದವರು ಇನ್ನೊಂದು ಸಲ ವೊರೆಲ್‌ರ ಬೆರಳನ್ನು, ಮತ್ತೊಂದು ಸಲ ಗಾಯಕಿಯರ ಹೆಜ್ಜೆಯನ್ನು ನೋಡಬಹುದು. ಕ್ಷಣಕ್ಕೊಂದು ಕಟ್ ಇರುವಲ್ಲಿ ಈ ಆಯ್ಕೆ ಸಂಕಲನಕಾರರದು, ಇಲ್ಲಿ ನೋಡುಗರದು.

1999ರಲ್ಲಿ ಹದಿನೈದನೆಯ ವರ್ಷದ ನೆಪದಲ್ಲಿ ಚಿತ್ರ ಮತ್ತೆ ತೆರೆಗೆ ಬಂದು, ಜೊತೆಗೆ ಡಿವಿಡಿಯೂ ಹೊರಬಂತು. ಕ್ಯಾಸೆಟ್ಟಿನಲ್ಲಿ ಸೇರಿದ್ದ ಆ ಮೂರು ಹಾಡುಗಳು ಅದರಲ್ಲಿ ಚಿತ್ರದಿಂದ ಹೊರಗೆ, ಹೆಚ್ಚುವರಿ ಭಾಗಕ್ಕೆ ಸರಿದವು. ಹ್ಯಾರಿಸನ್ ಮತ್ತು ಇ. ಟಿ. ಥೋರ್ನ್‌ಗ್ರೆನ್ ಧ್ವನಿಯನ್ನು ಸುತ್ತುವರಿ ಕ್ರಮಕ್ಕೆ ಹೊಸದಾಗಿ ಮಿಶ್ರಣ ಮಾಡಿದರು. ಬರ್ನ್ ಹಲವು ವೇಷಗಳಲ್ಲಿ ತಮ್ಮನ್ನು ತಾವೇ ಸಂದರ್ಶಿಸುವ ತುಣುಕೂ ಅದರಲ್ಲಿದೆ. ಬ್ಲೂ-ರೇ 2009ರದು.

ಧ್ವನಿ ಆಲ್ಬಂನ ಕಥೆ ಇದಕ್ಕೆ ಸಮಾಂತರ. 1984ರ ಎಲ್‌ಪಿಯಲ್ಲಿ ಒಂಬತ್ತೇ ಹಾಡುಗಳಿದ್ದವು, ಕ್ರಮವೂ ಬದಲಾಗಿತ್ತು. ಆದರೂ ಅದು ಅಮೆರಿಕದ ಆಲ್ಬಂ ಪಟ್ಟಿಯಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ಉಳಿಯಿತು. 1999ರಲ್ಲಿ ಹದಿನಾರೂ ಹಾಡುಗಳು ಚಿತ್ರದ ಕ್ರಮದಲ್ಲೇ ಬಂದವು.

ಮನ್ನಣೆ ಮತ್ತು ಈಗಿನ ಸ್ಥಿತಿ

ಅಮೆರಿಕದ ರಾಷ್ಟ್ರೀಯ ಚಿತ್ರ ವಿಮರ್ಶಕರ ಸಂಘ 1984ರ ಅತ್ಯುತ್ತಮ ಕಥೇತರ ಚಿತ್ರವೆಂದು ಇದನ್ನು ಆರಿಸಿತು. 2021ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ರಾಷ್ಟ್ರೀಯ ಚಲನಚಿತ್ರ ದಾಖಲೆಗೆ ಸೇರಿಸಿಕೊಂಡಿತು. ತಂಡದ ಮಟ್ಟಿಗೆ ಇದು ಕೊನೆಯ ಪ್ರವಾಸದ ದಾಖಲೆಯೂ ಹೌದು: 1984ರ ಆರಂಭದಲ್ಲಿ ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್‌ಗಳಲ್ಲಿ ನುಡಿಸಿದ ಮೇಲೆ ಟಾಕಿಂಗ್ ಹೆಡ್ಸ್ ಮತ್ತೆ ಪ್ರವಾಸ ಹೊರಡಲಿಲ್ಲ. ಇನ್ನೂ ಮೂರು ಆಲ್ಬಂ ಮಾಡಿ 1991ರಲ್ಲಿ ವಿಸರ್ಜನೆಯಾಯಿತು. ಡೆಮಿ ಮುಂದೆ 'ದ ಸೈಲೆನ್ಸ್ ಆಫ್ ದ ಲ್ಯಾಂಬ್ಸ್' (1991) ನಿರ್ದೇಶಿಸಿದರು, 2017ರಲ್ಲಿ ತೀರಿಕೊಂಡರು. ಬರ್ನ್ ಅವರ 'ಅಮೆರಿಕನ್ ಯುಟೋಪಿಯ' ರಂಗಪ್ರಯೋಗವನ್ನು ಸ್ಪೈಕ್ ಲೀ 2020ರಲ್ಲಿ ಚಿತ್ರವಾಗಿಸಿದಾಗ, ಬೂದು ಬಟ್ಟೆ ಮತ್ತು ಬರಿಯ ವೇದಿಕೆ ಹಳೆಯ ಚಿತ್ರವನ್ನು ನೆನಪಿಗೆ ತಂದವು.

ಎ24 ಸಂಸ್ಥೆ ಹಕ್ಕು ಪಡೆದು ಮೂಲ ನೆಗೆಟಿವ್‌ನಿಂದ ಸಿದ್ಧಪಡಿಸಿದ 4ಕೆ ಪ್ರತಿ 2023ರ ಸೆಪ್ಟೆಂಬರ್ 11ರಂದು ಟೊರಾಂಟೊ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು, ಆ ಬಳಿಕ ಐಮ್ಯಾಕ್ಸ್ ಪರದೆಗಳಿಗೂ ಹೋಯಿತು. 2002ರ ನಂತರ ನಾಲ್ವರೂ ಒಟ್ಟಿಗೆ ಸಾರ್ವಜನಿಕವಾಗಿ ಕೂತದ್ದು ಅಂದೇ. ಪ್ರಶ್ನೆ ಕೇಳಿದವರು ಸ್ಪೈಕ್ ಲೀ. ಅದೇ ವರ್ಷ ಬಂದ ವಿಸ್ತೃತ ಆಲ್ಬಂನಲ್ಲಿ 'ಸಿಟೀಸ್' ಹಾಗೂ 'ಬಿಗ್ ಬಿಸಿನೆಸ್' ಮತ್ತು 'ಐ ಝಿಂಬ್ರಾ'ಗಳ ಜೋಡಿ ಮರಳಿ ಒಳಗೆ ಬಂದವು. 2024ರಲ್ಲಿ ಪ್ಯಾರಮೋರ್, ಲಾರ್ಡ್, ಮೈಲಿ ಸೈರಸ್ ಮೊದಲಾದ ಬೇರೆ ಬೇರೆ ಕಲಾವಿದರು ಹಾಡಿದ ಗೌರವ ಆಲ್ಬಂ ಒಂದು ಹೊರಬಂತು. ಅದು ಹಾಡುಗಳನ್ನು ಜೋಡಿಸಿರುವುದು 1984ರ ಎಲ್‌ಪಿಯ ಕ್ರಮದಲ್ಲಲ್ಲ, 'ಸೈಕೊ ಕಿಲ್ಲರ್'ನಿಂದ ತೊಡಗುವ ಚಿತ್ರದ ಕ್ರಮದಲ್ಲಿ.